ತಮ್ಮ ನಿಲ್ಲಿಸಿದ ಪುಟದಿಂದ

ನನ್ನ ತಮ್ಮನ ಸತ್ಯವೇದ, ಅಂದರೆ ಬೈಬಲ್, ನನ್ನ ಕೈಗೆ ಬಂದದ್ದು ಅವನು ತೀರಿಹೋದ ಐದನೇ ವಾರದಲ್ಲಿ. ಅವನ ಬಟ್ಟೆ, ಪುಸ್ತಕ ಎಲ್ಲ ಎತ್ತಿಡುವಾಗ ಅಮ್ಮ ಅದನ್ನು ನನ್ನ ಕಡೆ ಚಾಚಿದರು. "ಇದು ನಿನ್ನ ಹತ್ತಿರ ಇರಲಿ" ಎಂದರು. ತೆಗೆದುಕೊಂಡೆ, ಆದರೆ ತೆರೆಯಲಿಲ್ಲ. ಇನ್ನೂ ಎರಡು ವಾರ ಅದು ಕಪಾಟಿನ ಮೇಲೆ ಹಾಗೇ ಇತ್ತು.

ಆ ಹೊತ್ತಿಗೆ ನನಗೆ ಸತ್ಯವೇದದ ವಚನಗಳು ಸಾಕಾಗಿ ಹೋಗಿದ್ದವು. ಹೀಗೆ ಹೇಳಲು ಈಗಲೂ ಕಷ್ಟವಾಗುತ್ತದೆ, ಆದರೆ ಇದ್ದದ್ದು ಹಾಗೇ. ದಿನಾ ಬೆಳಿಗ್ಗೆ ಫೋನ್ ತೆಗೆದರೆ ಏಳೆಂಟು ಚಿತ್ರಗಳು. ಸೂರ್ಯೋದಯ, ಹೂವು, ಬೆಟ್ಟ, ಅದರ ಮೇಲೆ ಒಂದು ವಚನ. ರಾತ್ರಿ ಅಳು ಬಂದರೂ ಬೆಳಿಗ್ಗೆ ಆನಂದ ಬರುತ್ತದೆ ಎನ್ನುವುದು ಒಬ್ಬರಿಂದ. ದೇವರ ಯೋಜನೆ ನಮ್ಮ ಹಿತಕ್ಕಾಗಿಯೇ ಎನ್ನುವುದು ಇನ್ನೊಬ್ಬರಿಂದ. ಕಳಿಸಿದವರೆಲ್ಲ ನನ್ನ ಮೇಲೆ ಪ್ರೀತಿ ಇದ್ದವರೇ. ಆದರೆ ನನಗೆ ಬೆಳಿಗ್ಗೆಯೇ ಎಲ್ಲಕ್ಕಿಂತ ಕಷ್ಟದ ಹೊತ್ತಾಗಿತ್ತು. ಎದ್ದ ಕೂಡಲೇ ಅವನ ಕೋಣೆಯ ಬಾಗಿಲು ಕಾಣುತ್ತಿತ್ತು. ಆನಂದ ಬರುವ ಬೆಳಿಗ್ಗೆ ನನ್ನದಲ್ಲ, ಬೇರೆ ಯಾರದ್ದೋ ಅನಿಸುತ್ತಿತ್ತು.

ಅಳಬಾರದು ಎಂದವರೂ ಇದ್ದರು. ಅಪೊಸ್ತಲ ಪೌಲನು ಥೆಸಲೋನಿಕ ಪಟ್ಟಣದ ವಿಶ್ವಾಸಿಗಳಿಗೆ ಬರೆದ ಪತ್ರದ ಮಾತನ್ನು ತೋರಿಸಿದರು. ಆ ಮಾತನ್ನು ನಾನು ಎಷ್ಟೋ ತಿಂಗಳ ಮೇಲೆ ಸರಿಯಾಗಿ ಓದಿದೆ. ನಿರೀಕ್ಷೆ ಇಲ್ಲದವರು ದುಃಖಪಡುವ ಹಾಗೆ ದುಃಖಪಡಬೇಡಿ ಎಂದು ಅಲ್ಲಿದೆ. ದುಃಖವೇ ಪಡಬೇಡಿ ಎಂದು ಇಲ್ಲ. ಎರಡೂ ಒಂದೇ ಅಲ್ಲ, ಅಲ್ವಾ? ಸತ್ತುಹೋಗಿದ್ದ ಲಾಜರನನ್ನು ಇನ್ನು ಸ್ವಲ್ಪ ಹೊತ್ತಿನಲ್ಲಿ ಎಬ್ಬಿಸುತ್ತೇನೆ ಎಂದು ಗೊತ್ತಿದ್ದ ಯೇಸುವೇ ಅವನ ಸಮಾಧಿಯ ದಾರಿಯಲ್ಲಿ ಅತ್ತನು. ಇದೆಲ್ಲ ಆಗ ನನಗೆ ನೆನಪಾಗಲಿಲ್ಲ. ತಲೆ ತಗ್ಗಿಸಿ ಕೇಳಿಸಿಕೊಂಡೆ, ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ.

ಚಿಕ್ಕಂದಿನಿಂದ ಸಭೆಗೆ, ಅಂದರೆ ಚರ್ಚಿಗೆ, ಹೋದವಳು ನಾನು. ಕಂಠಪಾಠದ ವಚನ ಹೇಳಿ ಬಹುಮಾನ ತೆಗೆದುಕೊಂಡಿದ್ದೇನೆ. ತೊಂದರೆ ಇದ್ದದ್ದು ಅಲ್ಲೇ ಅನಿಸುತ್ತದೆ. ವಚನಗಳು ಬಾಯಿಗೆ ಎಷ್ಟು ಸಲೀಸಾಗಿ ಬರುತ್ತಿದ್ದವು ಎಂದರೆ, ಮನಸ್ಸಿಗೆ ತಾಗದೆ ಹಾಗೇ ಜಾರಿ ಹೋಗುತ್ತಿದ್ದವು. ಪ್ರಾರ್ಥನೆಯಂತೂ ನಿಂತೇ ಹೋಗಿತ್ತು. ಕಣ್ಣು ಮುಚ್ಚಿದರೆ ಒಂದೇ ಮಾತು: "ಯಾಕೆ?" ಅದನ್ನು ದೇವರಿಗೆ ಹೇಳಬಹುದು ಎಂದು ನನಗೆ ಗೊತ್ತಿರಲಿಲ್ಲ.

ಒಂದು ಭಾನುವಾರ ಸಭೆಗೆ ಹೋಗಲು ಮನಸ್ಸಾಗದೆ ಮನೆಯಲ್ಲೇ ಇದ್ದೆ. ಅವತ್ತು ತಮ್ಮನ ಸತ್ಯವೇದ ತೆರೆದೆ. ಸತ್ಯವೇದದ ಹಾಡುಗಳಾದ ಕೀರ್ತನೆಗಳ ಭಾಗದಲ್ಲಿ ಪ್ರತಿ ಕೀರ್ತನೆಯ ಕೊನೆಗೆ ಪೆನ್ಸಿಲ್‌ನಲ್ಲಿ ಸಣ್ಣದಾಗಿ ಒಂದು ತಾರೀಖು ಬರೆದಿದ್ದ. ದಿನಕ್ಕೊಂದು. ಒಂದರಿಂದ ಶುರು ಮಾಡಿ ಒಂದೂ ಬಿಡದೆ ಬಂದಿದ್ದ. ಕೆಲವು ಕಡೆ ಎರಡು ದಿನದ ಅಂತರ, ಒಂದು ಕಡೆ ಇಡೀ ವಾರದ ಅಂತರ. ಕೊನೆಯ ತಾರೀಖು 41ನೇ ಕೀರ್ತನೆಯ ಕೆಳಗೆ. ಅದು ಅವನಿಗೆ ಜ್ವರ ಬಂದ ಹಿಂದಿನ ದಿನ. 42ರ ಕೆಳಗೆ ಏನೂ ಇರಲಿಲ್ಲ.

ನಂಬಿಕೆ ಉಕ್ಕಿ ಬಂದು ನಾನು ಓದಲಿಲ್ಲ. ಅವನು ಹಿಡಿದ ಕೆಲಸ ಹಾಗೇ ಉಳಿಯಬಾರದು ಅನಿಸಿತು, ಅಷ್ಟೇ. ಅಕ್ಕ ಅನ್ನುವವಳು ಮಾಡುವ ಕೆಲಸವೇ ಅದು. ಚಿಕ್ಕಂದಿನಲ್ಲಿ ಅವನು ಅರ್ಧಕ್ಕೆ ಬಿಟ್ಟ ಎಷ್ಟೋ ಮನೆಪಾಠಗಳನ್ನು ನಾನೇ ಮುಗಿಸಿಕೊಟ್ಟಿದ್ದೆ.

42ನೇ ಕೀರ್ತನೆ ಶುರುವಾಗುವುದು ನೀರಿಗಾಗಿ ಹಂಬಲಿಸುವ ಜಿಂಕೆಯಿಂದ. ಆ ಸಾಲಿನ ಹಾಡು ನನಗೆ ಗೊತ್ತಿತ್ತು. ಅದರ ಮುಂದಿನದ್ದು ಗೊತ್ತಿರಲಿಲ್ಲ. ಹಗಲೂ ರಾತ್ರಿಯೂ ಕಣ್ಣೀರೇ ನನಗೆ ಆಹಾರವಾಯಿತು ಎನ್ನುತ್ತಾನೆ ಅದನ್ನು ಬರೆದ ಮನುಷ್ಯ. ನಿನ್ನ ದೇವರು ಎಲ್ಲಿ ಎಂದು ಜನ ದಿನವೆಲ್ಲ ಕೇಳುತ್ತಾರೆ ಎನ್ನುತ್ತಾನೆ. ಹಿಂದೆ ಜನರ ಜೊತೆ ಹಬ್ಬದ ಸಂಭ್ರಮದಲ್ಲಿ ದೇವಾಲಯಕ್ಕೆ ಹೋಗುತ್ತಿದ್ದದ್ದನ್ನು ನೆನೆದು ಸಂಕಟಪಡುತ್ತಾನೆ. ಆಮೇಲೆ ತನ್ನ ಮನಸ್ಸಿಗೆ ತಾನೇ ಹೇಳಿಕೊಳ್ಳುತ್ತಾನೆ: ನನ್ನ ಮನವೇ, ಯಾಕೆ ಕುಗ್ಗಿಹೋಗಿದ್ದೀ? ದೇವರನ್ನು ನಿರೀಕ್ಷಿಸು.

ಇಷ್ಟೇ ಆಗಿದ್ದರೆ ಅದೂ ಒಂದು ಚಿತ್ರದ ವಚನವಾಗುತ್ತಿತ್ತು. ಆದರೆ ಅವನು ಹಾಗೆ ಹೇಳಿಕೊಂಡ ತಕ್ಷಣ ಮತ್ತೆ ಕುಸಿಯುತ್ತಾನೆ. ನಿನ್ನ ಅಲೆಗಳೆಲ್ಲ ನನ್ನ ತಲೆಯ ಮೇಲೆ ಹಾದುಹೋದವು ಎನ್ನುತ್ತಾನೆ. ಯಾಕೆ ನನ್ನನ್ನು ಮರೆತೆ ಎಂದು ದೇವರನ್ನೇ ಕೇಳುತ್ತಾನೆ. ಮತ್ತೆ ಅದೇ ಮಾತನ್ನು ಮನಸ್ಸಿಗೆ ಹೇಳುತ್ತಾನೆ. 43ನೇ ಕೀರ್ತನೆಯ ಕೊನೆಯಲ್ಲಿ ಅಕ್ಷರ ಬಿಡದೆ ಇನ್ನೊಂದು ಸಲ. ಒಟ್ಟು ಮೂರು ಸಲ. ಒಂದು ಸಲ ಹೇಳಿದರೆ ಅವನ ಮನಸ್ಸಿಗೆ ಸಾಲಲಿಲ್ಲ. ದೇವರನ್ನು ನಂಬಿದವನ ಮನಸ್ಸಿಗೇ ಸಾಲಲಿಲ್ಲ. ಇದು ನನಗೆ ಎಷ್ಟು ಸಮಾಧಾನ ಕೊಟ್ಟಿತು ಎಂದು ಹೇಳಲಾರೆ. ಪೆನ್ಸಿಲ್ ಹುಡುಕಿ 42ರ ಕೆಳಗೆ ಅವತ್ತಿನ ತಾರೀಖು ಬರೆದೆ.

ಆಮೇಲೆ ತಿಳಿದ ಒಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. 150 ಕೀರ್ತನೆಗಳು ಒಂದೇ ಪುಸ್ತಕದಂತೆ ಕಂಡರೂ ಅವು ಐದು ಭಾಗಗಳು. ಮೊದಲನೆಯದು 41ಕ್ಕೆ ಮುಗಿಯುತ್ತದೆ. ಅದಕ್ಕೇ ಅಲ್ಲಿ ದೇವರಿಗೆ ಸ್ತೋತ್ರ ಹೇಳಿ "ಆಮೆನ್, ಆಮೆನ್" ಎಂದಿದೆ. ಎರಡನೇ ಭಾಗ ಶುರುವಾಗುವುದೇ 42ರಿಂದ. ಅಂದರೆ ತಮ್ಮ ನಡುವಿನಲ್ಲಿ ನಿಂತಿರಲಿಲ್ಲ. ಒಂದು ಭಾಗ ಪೂರ್ತಿ ಮುಗಿಸಿದ್ದ. ಇದಕ್ಕೆ ದೊಡ್ಡ ಅರ್ಥ ಕಟ್ಟಲು ನನಗೆ ಇಷ್ಟವಿಲ್ಲ. ಆದರೆ ಅದು ಗೊತ್ತಾದ ದಿನ ಆ ಪುಟದ ಮೇಲೆ ತುಂಬ ಹೊತ್ತು ಕೈಯಿಟ್ಟು ಕೂತಿದ್ದೆ.

ಹೀಗೆ ದಿನಕ್ಕೊಂದು ಕೀರ್ತನೆ ಶುರುವಾಯಿತು. ಎದ್ದ ಮೇಲೆ ಫೋನ್ ಮುಟ್ಟುವ ಮೊದಲು ಓದುವುದು. ಇದೊಂದೇ ನಾನು ಹಟ ಹಿಡಿದು ಮಾಡಿದ ನಿಯಮ. ಸುಮ್ನೆ ಕಣ್ಣಾಡಿಸದೆ ಬಾಯಿಬಿಟ್ಟು ಓದುತ್ತಿದ್ದೆ. ಕೀರ್ತನೆಗಳು ಹಾಡಲು, ಗಟ್ಟಿಯಾಗಿ ಹೇಳಲು ಹುಟ್ಟಿದವು. ಮನಸ್ಸಿನಲ್ಲೇ ಓದಿದಾಗ ಜಾರಿ ಹೋಗುತ್ತಿದ್ದ ಸಾಲು, ನನ್ನದೇ ದನಿಯಲ್ಲಿ ಕೇಳಿದಾಗ ನಿಲ್ಲುತ್ತಿತ್ತು. ಗಂಟಲು ಕಟ್ಟಿದ ಕಡೆ ನಾನೂ ನಿಲ್ಲುತ್ತಿದ್ದೆ. ಆಮೇಲೆ ಒಂದು ಸಾಲನ್ನು ನೋಟ್‌ಬುಕ್‌ನಲ್ಲಿ ಕೈಯಿಂದ ಬರೆಯುತ್ತಿದ್ದೆ. ಚೆಂದದ ಸಾಲನ್ನೇ ಹುಡುಕಲಿಲ್ಲ. ಅವತ್ತು ನನಗೆ ನಿಜ ಅನಿಸಿದ ಸಾಲು. ಮೊದಲ ತಿಂಗಳ ಪುಟಗಳನ್ನು ಈಗ ನೋಡಿದರೆ ಎಲ್ಲ ದೂರುಗಳೇ.

ಇದರಿಂದ ಮೂರೇ ದಿನದಲ್ಲಿ ಮನಸ್ಸು ಹಗುರವಾಯಿತು ಎಂದು ಯಾರೂ ತಿಳಿಯಬೇಡಿ. 50ನೇ ಕೀರ್ತನೆ ದಾಟುವಷ್ಟರಲ್ಲಿ ನನ್ನ ದೇಹ ಸೋತಿತ್ತು. ರಾತ್ರಿ ಎರಡು ಗಂಟೆ ನಿದ್ದೆ ಬಂದರೆ ಜಾಸ್ತಿ. ಊಟ ಸೇರುತ್ತಿರಲಿಲ್ಲ. ಒಬ್ಬ ಗೆಳತಿ ಹಟ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಮಾತ್ರೆ ಕೊಟ್ಟರು, ಆಪ್ತಸಲಹೆಗೂ ಹೋಗಲು ಹೇಳಿದರು. ನನಗೆ ಅಪರಾಧ ಮಾಡಿದಂತೆ ಅನಿಸಿತು. ವಾಕ್ಯ ಓದುವವಳಿಗೆ ಮಾತ್ರೆ ಯಾಕೆ? ನನ್ನ ನಂಬಿಕೆ ಅಷ್ಟು ಕಡಿಮೆಯಾ?

ನಮ್ಮ ಸಭೆಯ ಪಾಸ್ಟರ್ ಅದಕ್ಕೆ ಉಪದೇಶ ಮಾಡಲಿಲ್ಲ. 1 ಅರಸುಗಳು 19ನೇ ಅಧ್ಯಾಯ ಓದಿ ಬಾ ಎಂದರು. ಓದಿದೆ. ಪ್ರವಾದಿಯಾದ ಎಲೀಯ ರಾಣಿಗೆ ಹೆದರಿ ಓಡಿಹೋಗಿ, ಅರಣ್ಯದಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದು ದೇವರನ್ನು ಕೇಳುತ್ತಾನೆ. ಅದೂ ಕರ್ಮೆಲ್ ಬೆಟ್ಟದ ದೊಡ್ಡ ಗೆಲುವಿನ ಬೆನ್ನಿಗೇ. ದೇವರು ಅವನಿಗೆ ಆಗ ಒಂದು ವಚನವನ್ನೂ ಹೇಳುವುದಿಲ್ಲ. ಎಲೀಯ ಮಲಗುತ್ತಾನೆ. ದೂತನೊಬ್ಬ ತಟ್ಟಿ ಎಬ್ಬಿಸುತ್ತಾನೆ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗುತ್ತಾನೆ. ದೂತ ಎರಡನೇ ಸಲ ಬಂದು ಎಬ್ಬಿಸಿ, ಏಳು, ತಿನ್ನು, ನೀನು ಹೋಗುವ ದಾರಿ ನಿನ್ನ ಶಕ್ತಿಗೆ ಮೀರಿದ್ದು ಎನ್ನುತ್ತಾನೆ. ಮೊದಲು ನಿದ್ದೆ, ಆಮೇಲೆ ಅನ್ನ, ಮತ್ತೆ ನಿದ್ದೆ. ಮಾತು ಬರುವುದು ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ.

ಅವತ್ತಿನಿಂದ ಮಾತ್ರೆಯನ್ನು ನಾಚಿಕೆ ಇಲ್ಲದೆ ತೆಗೆದುಕೊಂಡೆ. ಪೌಲನ ಜೊತೆಗಿದ್ದ ಲೂಕನೂ ವೈದ್ಯನೇ. ದುಃಖ ಮೈಗೆ ಇಳಿದಿರುವ ಯಾರಾದರೂ ಇದನ್ನು ಓದುತ್ತಿದ್ದರೆ ಕೈಮುಗಿದು ಕೇಳಿಕೊಳ್ಳುತ್ತೇನೆ. ಸತ್ಯವೇದ ತೆರೆಯಿರಿ, ಡಾಕ್ಟರ ಬಾಗಿಲನ್ನೂ ತಟ್ಟಿ. ಒಂದು ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ.

ತಪ್ಪಿಹೋದ ದಿನಗಳೂ ಬೇಕಾದಷ್ಟು. ಎರಡು ದಿನ ತಪ್ಪಿದರೆ ಮೂರನೇ ದಿನ ಮೂರು ಕೀರ್ತನೆ ಓದಿ ಸರಿ ಮಾಡಬೇಕು ಅನಿಸುತ್ತಿತ್ತು. ಸಾಲ ತೀರಿಸುವವರ ಹಾಗೆ. ಹಾಗೆ ಓದಿದ ದಿನ ಏನೂ ಉಳಿಯುತ್ತಿರಲಿಲ್ಲ. ಆಗ ಮನ್ನದ ಕಥೆ ನೆನಪಾಯಿತು. ವಿಮೋಚನಕಾಂಡ 16. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಬೆಳಿಗ್ಗೆ ಬೆಳಿಗ್ಗೆ ನೆಲದ ಮೇಲೆ ದೇವರು ಕೊಟ್ಟ ಮನ್ನ ಎಂಬ ಆಹಾರ ಸಿಗುತ್ತಿತ್ತು. ತಲೆಗೆ ಒಂದು ಅಳತೆ, ಆ ದಿನಕ್ಕೆ ಸಾಕಾಗುವಷ್ಟು. ನಾಳೆಗೆ ಬೇಕು ಎಂದು ಕೂಡಿಟ್ಟರೆ ಹುಳ ಬಿದ್ದು ನಾರುತ್ತಿತ್ತು. ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡರಷ್ಟು ಸಿಗುತ್ತಿತ್ತು, ಅದು ಕೆಡುತ್ತಿರಲಿಲ್ಲ. ನಿನ್ನೆಯ ಮನ್ನವನ್ನು ಇವತ್ತು ಹುಡುಕಿಕೊಂಡು ಹೋಗಲು ಆಗುವುದಿಲ್ಲ. ಅದು ಬಿಸಿಲಿಗೆ ಕರಗಿಹೋಗಿರುತ್ತದೆ. ಇವತ್ತಿನದು ಇವತ್ತು ಬಿದ್ದಿರುತ್ತದೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲೂ ಅನುದಿನದ ಆಹಾರವನ್ನು ಈ ಹೊತ್ತು ಕೊಡು ಎಂದೇ ಇದೆ. ತಿಂಗಳ ದಿನಸಿಯನ್ನು ಒಟ್ಟಿಗೆ ಕೇಳಲು ಆತನು ಕಲಿಸಲಿಲ್ಲ.

ಇದಾದ ಮೇಲೆ ತಪ್ಪಿದ ದಿನವನ್ನು ತಪ್ಪಿದ್ದು ಎಂದು ಬಿಟ್ಟುಬಿಟ್ಟೆ. ತಮ್ಮನ ತಾರೀಖುಗಳಲ್ಲೂ ಅಂತರ ಇತ್ತಲ್ಲ. ಅವನೂ ಹಾಗೇ ಮಾಡಿರಬೇಕು.

79ನೇ ಕೀರ್ತನೆ ಯೆರೂಸಲೇಮ್ ಹಾಳಾದದ್ದರ ಅಳು. ಅದನ್ನು ಓದಿದ ಮೇಲೆ ಕೀರ್ತನೆಗಳನ್ನು ಒಂದು ವಾರ ನಿಲ್ಲಿಸಿ ಪ್ರಲಾಪಗಳು ಪುಸ್ತಕ ಓದಿದೆ. ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನವರು (ಬ್ಯಾಬಿಲೋನಿನವರು) ಪಟ್ಟಣವನ್ನು, ದೇವಾಲಯವನ್ನು ಸುಟ್ಟ ಮೇಲಿನ ಹಾಡುಗಳು ಅವು. ದೇವರ ಕರುಣೆ ದಿನದಿನವೂ ಹೊಸದು ಎನ್ನುವ ಮಾತು ಎಲ್ಲರಿಗೂ ಗೊತ್ತು. ನನ್ನ ಫೋನ್‌ಗೂ ಅದು ಬಂದಿತ್ತು. ಅದು ಎಲ್ಲಿಂದ ಬಂದದ್ದು ಎಂದು ಮಾತ್ರ ನಾನು ಯಾವತ್ತೂ ನೋಡಿರಲಿಲ್ಲ. ಹಸಿವಿನಿಂದ ಮಕ್ಕಳು ಬೀದಿಯಲ್ಲಿ ಕುಸಿಯುತ್ತಿರುವ ಪುಸ್ತಕ ಅದು. ದೇವರು ನನ್ನ ಹಲ್ಲನ್ನು ಕಲ್ಲಿನಿಂದ ಮುರಿದನು ಎಂದು ಕೆಲವೇ ಸಾಲುಗಳ ಹಿಂದೆ ಬರೆದ ಕೈಯೇ ಈ ಮಾತನ್ನೂ ಬರೆದಿದೆ.

ಅದರ ಕಟ್ಟಡವೂ ಬೆರಗು ಹುಟ್ಟಿಸುತ್ತದೆ. ಅದರ ಮೂಲವಾದ ಇಬ್ರಿಯ (ಹೀಬ್ರೂ) ಭಾಷೆಗೆ 22 ಅಕ್ಷರಗಳು. ಒಂದು, ಎರಡು, ನಾಲ್ಕನೇ ಅಧ್ಯಾಯಗಳಲ್ಲಿ 22 ವಚನಗಳು, ಒಂದೊಂದೂ ಒಂದೊಂದು ಅಕ್ಷರದಿಂದ ಅನುಕ್ರಮವಾಗಿ ಶುರು. ಮೂರನೇ ಅಧ್ಯಾಯದಲ್ಲಿ ಪ್ರತಿ ಅಕ್ಷರಕ್ಕೂ ಮೂರರಂತೆ 66. ಐದನೆಯದರಲ್ಲಿ ಮತ್ತೆ 22, ಆದರೆ ಅಲ್ಲಿ ಅಕ್ಷರಗಳ ಸಾಲು ಇಲ್ಲ. ಅನುವಾದದಲ್ಲಿ ಇದು ಕಾಣುವುದಿಲ್ಲ. ನಾವು ಅ ಆ ಇ ಈ ಹಿಡಿದು ದುಃಖ ಹೇಳಿಕೊಂಡ ಹಾಗೆ ಅದು. ಕೊನೆಯಿಲ್ಲದ ಅಳುವಿಗೆ ಹಿಡಿದುಕೊಳ್ಳಲು ಒಂದು ಕಟಕಟೆ.

ನಾನೂ ಹಾಗೇ ಬರೆದು ನೋಡಿದೆ. ನೋಟ್‌ಬುಕ್‌ನ ಎಡಗಡೆಗೆ ಕ, ಖ, ಗ, ಘ, ಙ ಎಂದು ಸಾಲಾಗಿ ಬರೆದುಕೊಂಡು, ಪ್ರತಿ ಅಕ್ಷರಕ್ಕೆ ದೇವರ ಹತ್ತಿರ ಒಂದು ದೂರು. ಕರೆದರೂ ಓಗೊಡಲಿಲ್ಲ ನೀನು. ಖಾಲಿ ಮಂಚ ನೋಡಲಾರೆ. ಗಟ್ಟಿಯಾಗಿ ಅಳಲೂ ಬಿಡಲಿಲ್ಲ ಜನ. ಙ ಬಂದಾಗ ಪದವೇ ಇಲ್ಲ. ಆ ಸಾಲನ್ನು ಖಾಲಿ ಬಿಟ್ಟೆ. ಮಾತು ಸಿಗದ ಜಾಗಕ್ಕೂ ಅಕ್ಷರಮಾಲೆಯಲ್ಲಿ ಒಂದು ಮನೆ ಇದೆ ಎಂದು ಅವತ್ತು ಅನಿಸಿತು. ಎಷ್ಟೋ ತಿಂಗಳ ಮೇಲೆ ನಾನು ಮಾಡಿದ ಮೊದಲ ಪ್ರಾರ್ಥನೆ ಅದು.

ಇನ್ನೊಂದು. ಕರುಣೆಯ ಆ ವಚನ ಪುಸ್ತಕದ ಕೊನೆಯಲ್ಲಿಲ್ಲ. ಐದು ಅಧ್ಯಾಯಗಳ ಸರಿಸುಮಾರು ನಡುವಿನಲ್ಲಿದೆ. ಅದಾದ ಮೇಲೆ ಅಳು ಮತ್ತೆ ಶುರುವಾಗುತ್ತದೆ. ಪುಸ್ತಕ ಮುಗಿಯುವುದೂ ನಮ್ಮನ್ನು ಪೂರಾ ತಳ್ಳಿಬಿಟ್ಟೆಯಾ ಎನ್ನುವಂಥ ಮಾತಿನಿಂದ. ಯೆಹೂದ್ಯರು ಇದನ್ನು ಆರಾಧನೆಯಲ್ಲಿ ಓದುವಾಗ ಕೊನೆಯ ವಚನ ಮುಗಿಸಿ, ಅದರ ಹಿಂದಿನ ವಚನವನ್ನು ಮತ್ತೆ ಹೇಳುತ್ತಾರೆ. ನಮ್ಮನ್ನು ನಿನ್ನ ಕಡೆಗೆ ತಿರುಗಿಸಿಕೋ ಎನ್ನುವ ಪ್ರಾರ್ಥನೆ ಅದು. ನಾನು ಅಷ್ಟು ದಿನ ಏನು ಕಾಯುತ್ತಿದ್ದೆ ಎಂದರೆ, ದುಃಖ ಮೊದಲು ಮುಗಿಯಲಿ, ಆಮೇಲೆ ನಿರೀಕ್ಷೆ ಬರಲಿ ಎಂದು. ಈ ಪುಸ್ತಕದಲ್ಲಿ ನಿರೀಕ್ಷೆ ಅಳುವಿನ ಮಧ್ಯೆಯೇ ಕೂತಿದೆ. ಎರಡು ಕಡೆಯೂ ಕಣ್ಣೀರು.

ನಿರೀಕ್ಷೆ ಅನ್ನುವ ಪದವನ್ನೇ ನೋಡಿ. ಸತ್ಯವೇದ ಓದದವರಿಗೆ ಇದು ಸ್ವಲ್ಪ ವಿಚಿತ್ರ ಅನಿಸಬಹುದು. ಬೇರೆಯವರು ಭರವಸೆ, ಆಶಾವಾದ ಎನ್ನುವ ಕಡೆ ನಮ್ಮ ಸತ್ಯವೇದ ನಿರೀಕ್ಷೆ ಎನ್ನುತ್ತದೆ. ದಿನದ ಮಾತಿನಲ್ಲಿ ನಿರೀಕ್ಷಿಸುವುದು ಎಂದರೆ ಎದುರು ನೋಡುವುದು, ಕಾಯುವುದು. ಇಬ್ರಿಯದಲ್ಲೂ ಹಾಗೇ. ಕಾಯುವುದಕ್ಕೂ ನಿರೀಕ್ಷೆ ಇಡುವುದಕ್ಕೂ "ಕಾವಾ" ಎಂಬ ಒಂದೇ ಕ್ರಿಯಾಪದ ಇದೆ. ಯೆಹೋವನನ್ನು ನಿರೀಕ್ಷಿಸುವವರು ಹೊಸ ಬಲ ಹೊಂದುವರು ಎಂದು ಯೆಶಾಯ 40ರಲ್ಲಿ ಬರುವುದು ಇದೇ ಪದ. ಅದರಿಂದಲೇ ಬಂದ "ತಿಕ್ವಾ" ಎಂದರೆ ನಿರೀಕ್ಷೆ. ಯೆರಿಕೋವಿನ ರಾಹಾಬಳು ಕಿಟಕಿಗೆ ಕಟ್ಟಿದ ಕೆಂಪು ದಾರಕ್ಕೂ ಯೆಹೋಶುವನ ಪುಸ್ತಕದಲ್ಲಿ ಇರುವುದು ಇದೇ ಪದ, ತಿಕ್ವಾ. ಪಟ್ಟಣ ಬೀಳುವ ದಿನ ಆ ದಾರ ಕಂಡ ಮನೆಯವರು ಉಳಿದರು.

ನನಗೆ ಇದು ದೊಡ್ಡ ಬಿಡುಗಡೆ. ನಿರೀಕ್ಷೆ ಎಂದರೆ ಮನಸ್ಸು ಅರಳಬೇಕು, ಮುಖದಲ್ಲಿ ನಗು ಇರಬೇಕು ಎಂದುಕೊಂಡಿದ್ದೆ. ಕಾಯುವವರಿಗೆ ನಗು ಇರಲೇಬೇಕಾ? ಆಸ್ಪತ್ರೆಯ ಬೆಂಚಿನ ಮೇಲೆ ಕೂತವರೂ ಕಾಯುತ್ತಾರೆ. ಎದ್ದು ಹೋಗದಿದ್ದರೆ ಸಾಕು. ಯೆಶಾಯನ ಆ ಮಾತಿನಲ್ಲೂ ಮೊದಲು ಹದ್ದಿನಂತೆ ಹಾರುವುದು, ಆಮೇಲೆ ಓಡುವುದು, ಎಲ್ಲಕ್ಕಿಂತ ಕೊನೆಗೆ ನಡೆಯುವುದು. ಬಳಲದೆ ನಡೆಯುವುದು. ಹಾರುವ ವಚನವೆಂದೇ ಅದನ್ನು ಕಂಠಪಾಠ ಮಾಡಿದ್ದೆ. ನನಗೆ ಸಿಕ್ಕಿದ್ದು ಕೊನೆಯ ಪದ.

ದೇವರ ಯೋಜನೆ ನಮ್ಮ ಹಿತಕ್ಕಾಗಿಯೇ ಎಂದು ಫೋನ್‌ಗೆ ಬರುತ್ತಿದ್ದ ಯೆರೆಮೀಯ 29:11ನ್ನೂ ಆಗಲೇ ಮತ್ತೆ ತೆರೆದೆ. ಅದು ಒಂದು ಪತ್ರದ ಸಾಲು. ಬಾಬೆಲಿಗೆ ಸೆರೆ ಹೋದವರಿಗೆ ಪ್ರವಾದಿ ಯೆರೆಮೀಯ ಯೆರೂಸಲೇಮಿನಿಂದ ಬರೆದದ್ದು. ಹಿಂದಿನ ಅಧ್ಯಾಯದಲ್ಲಿ ಹನನ್ಯ ಎನ್ನುವವನು ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಜನರ ಮುಂದೆ ಸಾರಿದ್ದ. ಯೆರೆಮೀಯನ ಪತ್ರ ಹೇಳುವುದು ಎಪ್ಪತ್ತು ವರ್ಷ. ಅಲ್ಲಿಯವರೆಗೆ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಅದರ ಫಲ ತಿನ್ನಿ, ಮದುವೆ ಮಾಡಿಕೊಳ್ಳಿ, ನೀವಿರುವ ಪಟ್ಟಣಕ್ಕಾಗಿ ಪ್ರಾರ್ಥಿಸಿ. ಇಷ್ಟೆಲ್ಲ ಹೇಳಿದ ಮೇಲೆ ಬರುತ್ತದೆ, ನಿಮಗೆ ಹಿತವಾದ ಯೋಜನೆ ನನ್ನಲ್ಲಿದೆ ಎನ್ನುವ ಮಾತು. ಪತ್ರ ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಊರು ಮತ್ತೆ ಕಾಣದೆ ಕಣ್ಣು ಮುಚ್ಚುವವರೇ. ಇಡೀ ಪತ್ರ ಓದಿದ ಮೇಲೆ ಆ ವಚನದ ಮೇಲಿದ್ದ ನನ್ನ ಸಿಟ್ಟು ಹೋಯಿತು. ಅದು ಬೇಗ ಸರಿಹೋಗುತ್ತದೆ ಎಂದು ಹೇಳುತ್ತಿರಲಿಲ್ಲ. ಹಾಗೆ ಹೇಳಿದವನು ಹನನ್ಯ.

ಸತ್ಯವೇದದ ಎರಡನೇ ಭಾಗವಾದ ಹೊಸ ಒಡಂಬಡಿಕೆಗೆ ಈಗಿರುವ ವಚನಗಳ ಸಂಖ್ಯೆ ಹಾಕಿದ್ದು 1551ರಲ್ಲಿ, ರೊಬೆರ್ ಎಸ್ಟಿಯೆನ್ ಎಂಬ ಮುದ್ರಕ. ಹುಡುಕಲು ಸುಲಭವಾಯಿತು, ನಿಜ. ಆದರೆ ಒಂದೊಂದು ವಚನವನ್ನು ಅದರ ಮನೆಯಿಂದ ಎತ್ತಿಕೊಂಡು ಬರುವುದೂ ಸುಲಭವಾಯಿತು. ದಿನಕ್ಕೊಂದು ವಚನ ತಪ್ಪು ಎಂದು ಹೇಳುತ್ತಿಲ್ಲ. 1728ರಲ್ಲಿ ಜರ್ಮನಿಯ ಹೆರ್ನ್‌ಹೂಟ್ ಎಂಬ ಊರಿನಲ್ಲಿ ಮೊರೇವಿಯನ್ ಎಂಬ ಕ್ರೈಸ್ತ ಪಂಗಡದ ವಿಶ್ವಾಸಿಗಳು ಇದನ್ನೇ ಶುರು ಮಾಡಿದರು. ಆ ದಿನದ ವಾಕ್ಯವನ್ನು ಮನೆಮನೆಗೆ ಹೋಗಿ ಹೇಳುತ್ತಿದ್ದರಂತೆ. 1731ರಿಂದ ಅದು ಪುಸ್ತಕವಾಗಿ ಈಗಲೂ ಪ್ರತಿ ವರ್ಷ ಬರುತ್ತಿದೆ. ಬಾಗಿಲಿಗೆ ಬಂದು ಹೇಳುವವನು ಒಳಗಿರುವವರ ಮುಖವನ್ನೂ ನೋಡುತ್ತಾನೆ. ನನಗೆ ಬೇಕಾಗಿದ್ದದ್ದು ಅದು.

88ನೇ ಕೀರ್ತನೆ ಬಂದ ದಿನ ಚೆನ್ನಾಗಿ ನೆನಪಿದೆ. ಅಷ್ಟು ಹೊತ್ತಿಗೆ ಕೀರ್ತನೆಗಳ ದಾರಿ ನನಗೆ ಗೊತ್ತಾಗಿತ್ತು. ಎಷ್ಟೇ ಅತ್ತರೂ ಕೊನೆಗೆ ಒಂದು ತಿರುವು ಬರುತ್ತದೆ. 13ನೇ ಕೀರ್ತನೆಯಂತೂ ಎಷ್ಟರವರೆಗೆ ಎಂದು ನಾಲ್ಕು ಸಲ ಕೇಳಿ, ಆರನೇ ವಚನದ ಹೊತ್ತಿಗೆ ಹಾಡುತ್ತಿರುತ್ತದೆ. 88ರಲ್ಲೂ ತಿರುವು ಬರಲಿ ಎಂದು ಓದುತ್ತಾ ಹೋದೆ. ಬರಲಿಲ್ಲ. ಹಗಲಿರುಳು ಕೂಗುತ್ತೇನೆ, ಯಾಕೆ ಮುಖ ಮರೆಮಾಡಿದ್ದೀ, ಆಪ್ತರನ್ನೆಲ್ಲ ದೂರ ಮಾಡಿದ್ದೀ. ಇಬ್ರಿಯದಲ್ಲಿ ಅದರ ಕೊನೆಯ ಪದವೇ ಕತ್ತಲೆ. ಅಲ್ಲಿಗೆ ಮುಗಿಯಿತು. ಹೇಮಾನ ಎನ್ನುವವನ ಹೆಸರು ಅದರ ಮೇಲಿದೆ.

ಪುಟ ತಿರುಗಿಸಿ ನೋಡಿದೆ, ಇನ್ನೇನಾದರೂ ಉಳಿದಿದೆಯಾ ಎಂದು. ಇಲ್ಲ. ಆಗ ನನಗೆ ಹೊಳೆದದ್ದು, ಇದನ್ನು ಯಾರೂ ತೆಗೆದುಹಾಕಿಲ್ಲ ಅನ್ನುವುದು. ಸಾವಿರಾರು ವರ್ಷ ಜನ ಇದನ್ನು ಕೈಬರಹದಲ್ಲಿ ನಕಲು ಮಾಡಿದ್ದಾರೆ. ಯಾರೊಬ್ಬರೂ ಕೊನೆಗೆ ಒಂದು ಸಮಾಧಾನದ ಸಾಲು ಸೇರಿಸಿಲ್ಲ. ಕತ್ತಲೆಯೂ ದೇವರ ಎದುರಿನಲ್ಲೇ ಹೇಳಬಹುದಾದ ಮಾತು. ಅದರ ಮೊದಲ ಸಾಲಿನಲ್ಲಿ ಆ ಮನುಷ್ಯ ದೇವರನ್ನು ನನ್ನ ರಕ್ಷಣೆಯ ದೇವರು ಎಂದು ಕರೆಯುತ್ತಾನೆ. ಆ ಕರೆಯುವಿಕೆಯೊಂದೇ ಅವನ ನಿರೀಕ್ಷೆ. ನನ್ನ ಕರ್ತನೂ ಶಿಲುಬೆಯ ಮೇಲೆ, ನನ್ನ ದೇವರೇ ಯಾಕೆ ನನ್ನನ್ನು ಕೈಬಿಟ್ಟೆ ಎಂದು 22ನೇ ಕೀರ್ತನೆಯ ಮಾತನ್ನೇ ಕೂಗಿದನಲ್ಲವೇ. ನನ್ನ "ಯಾಕೆ" ಆತನ ಬಾಯಲ್ಲಿ ಮೊದಲೇ ಇತ್ತು. ಅವತ್ತು ತುಂಬ ಅತ್ತೆ. ಆದರೆ ಆ ಅಳುವಿನಲ್ಲಿ ನಾನು ಒಬ್ಬಳೇ ಇರಲಿಲ್ಲ.

ತಾರೀಖು ಬರೆಯುವಾಗ ಹಿಂದಿನಿಂದ ಅಮ್ಮನ ದನಿ ಕೇಳಿತು. "ನಾಳೆ ಸ್ವಲ್ಪ ಜೋರಾಗಿ ಓದು. ಒಳಗೆ ಸರಿಯಾಗಿ ಕೇಳಿಸುವುದಿಲ್ಲ."

ಅಮ್ಮ ಅಷ್ಟು ದಿನವೂ ಕೇಳುತ್ತಿದ್ದರು ಎಂದು ನನಗೆ ಗೊತ್ತೇ ಇರಲಿಲ್ಲ. ಮಗ ಹೋದ ಮೇಲೆ ಅವರು ಸತ್ಯವೇದ ಮುಟ್ಟಿರಲಿಲ್ಲ. ಸಭೆಗೆ ಬರುತ್ತಿದ್ದರು, ಹಾಡುವಾಗ ಬಾಯಿ ತೆರೆಯುತ್ತಿರಲಿಲ್ಲ. ನಾನು ಏನೂ ಕೇಳಲಿಲ್ಲ. ಮರುದಿನ ಜೋರಾಗಿ ಓದಿದೆ. ಅದರ ಮರುದಿನ ಅವರು ಬಾಗಿಲ ಹತ್ತಿರ ನಿಂತರು. 100 ದಾಟುವಷ್ಟರಲ್ಲಿ ಪಕ್ಕದಲ್ಲಿ ಕೂರುತ್ತಿದ್ದರು.

ನಡುವೆ ಈಸ್ಟರ್ ಬಂತು. ಮಾರ್ಕನ ಸುವಾರ್ತೆಯ ಕೊನೆಯ ಅಧ್ಯಾಯವನ್ನು ನಾವಿಬ್ಬರೂ ಮನೆಯಲ್ಲಿ ಮೊದಲೇ ಓದಿಕೊಂಡೆವು. ಹೆಂಗಸರು ಮೂವರು ಸೂರ್ಯ ಹುಟ್ಟುವ ಹೊತ್ತಿಗೆ ಯೇಸುವಿನ ಸಮಾಧಿಗೆ ಹೋಗುತ್ತಾರೆ. ಅವರ ಕೈಯಲ್ಲಿರುವುದು ಸತ್ತ ದೇಹಕ್ಕೆ ಹಚ್ಚುವ ಸುಗಂಧದ್ರವ್ಯ. ಅವರ ಚಿಂತೆಯೆಲ್ಲ ಬಾಗಿಲಿನ ಕಲ್ಲನ್ನು ಯಾರು ಉರುಳಿಸಿ ಕೊಡುತ್ತಾರೆ ಎಂಬುದು. ಅವರಿಗೂ ಬೆಳಿಗ್ಗೆ ಕಷ್ಟದ ಹೊತ್ತೇ. ಆದರೂ ಎದ್ದು ಹೋದರು. ಅವರು ಹೋಗಿ ಮುಟ್ಟುವ ಮೊದಲೇ ಕಲ್ಲು ಉರುಳಿತ್ತು. ಕ್ರಿಸ್ತನು ಎದ್ದನು ಎಂದು ನಾನು ನಂಬುತ್ತೇನೆ. ನನ್ನ ತಮ್ಮನೂ ಆತನಲ್ಲಿ ಏಳುತ್ತಾನೆ ಎಂದು ನಂಬುತ್ತೇನೆ. ಈ ನಂಬಿಕೆ ನನ್ನ ಮನಸ್ಸಿನ ಹವಾಮಾನವನ್ನು ನೋಡಿಕೊಂಡು ಏರಿಳಿಯುವುದಿಲ್ಲ, ಅದು ನನಗಿಂತ ಗಟ್ಟಿಯಾದ ಒಂದು ಕಡೆ ಕಟ್ಟಿದ ದಾರ.

119ನೇ ಕೀರ್ತನೆ 176 ವಚನಗಳಷ್ಟು ಉದ್ದ. ಅದೂ ಅಕ್ಷರಮಾಲೆಯ ಕೀರ್ತನೆಯೇ, ಅಕ್ಷರಕ್ಕೆ ಎಂಟೆಂಟು ವಚನ. ಅಮ್ಮನೇ ದಾರಿ ಹೇಳಿದರು: ದಿನಕ್ಕೆ ಎಂಟು. ನಾಲ್ಕನೇ ಎಂಟು ಧೂಳಿನಿಂದ ಶುರುವಾಗುತ್ತದೆ, ನನ್ನ ಪ್ರಾಣ ಮಣ್ಣಿಗೆ ಅಂಟಿಕೊಂಡಿದೆ ಎಂದು. ಆ ಮಾತು ಓದುವಾಗ ನನಗೆ ಗಂಟಲು ಕಟ್ಟಿತು. ಅಮ್ಮ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಉಳಿದದ್ದನ್ನು ತಾವೇ ಓದಿದರು. ಕನ್ನಡಕ ಇಲ್ಲದೆ, ಬೆರಳಿಟ್ಟು, ನಿಧಾನವಾಗಿ.

150 ಮುಗಿದ ದಿನ ಇನ್ನೇನು ಎಂದು ಇಬ್ಬರೂ ಸುಮ್ಮನೆ ಕೂತಿದ್ದೆವು. ಆ ಕೊನೆಯ ಕೀರ್ತನೆಯಲ್ಲಿ ತುತೂರಿ, ವೀಣೆ, ದಮ್ಮಡಿ, ತಾಳ ಎಲ್ಲ ಬರುತ್ತವೆ. ಉಸಿರಿರುವುದೆಲ್ಲ ಯೆಹೋವನನ್ನು ಸ್ತುತಿಸಲಿ ಎಂದು ಮುಗಿಯುತ್ತದೆ. ಅಮ್ಮ ಪುಟಗಳನ್ನು ಹಿಂದಕ್ಕೆ ತಿರುಗಿಸಿ ಮೊದಲನೇ ಕೀರ್ತನೆ ತೆಗೆದರು. ಅಲ್ಲಿ ಅವನ ಮೊದಲ ತಾರೀಖು ಇತ್ತು. "ಇದನ್ನು ನಾವು ಓದೇ ಇಲ್ಲವಲ್ಲ" ಎಂದರು.

ಹಾಗಾಗಿ ಈಗ ಅವನು ನಡೆದ ದಾರಿಯಲ್ಲಿ ನಡೆಯುತ್ತಿದ್ದೇವೆ. ಪ್ರತಿ ಕೀರ್ತನೆಯ ಕೆಳಗೆ ಅವನ ತಾರೀಖು, ಅದರ ಪಕ್ಕದಲ್ಲಿ ನಮ್ಮದು. ಈಗಲೂ ಕೆಲವು ಬೆಳಿಗ್ಗೆ ಏಳಲು ಆಗುವುದಿಲ್ಲ. ಅವನು ವಾರವಿಡೀ ಬಿಟ್ಟಿದ್ದ ಕಡೆ ಬಂದಾಗ, ಆ ವಾರ ಅವನಿಗೆ ಏನಾಗಿತ್ತು ಎಂದು ಅಮ್ಮ ನೆನಪು ಮಾಡಿಕೊಳ್ಳಲು ನೋಡಿದರು. ಪರೀಕ್ಷೆ ಇತ್ತು ಎಂದರು. ಅಲ್ಲ, ನನ್ನ ಜೊತೆ ಜಗಳ ಆಡಿದ್ದ ಎಂದೆ. ಅವನ ಮಾತು ಎತ್ತಿ ನಾವು ನಕ್ಕದ್ದು ಅದೇ ಮೊದಲು.

ಇವತ್ತು ಬೆಳಿಗ್ಗೆ 41 ಬಂತು. ಅಮ್ಮ ಓದಿದರು. ರೋಗದ ಹಾಸಿಗೆಯಲ್ಲಿ ಯೆಹೋವನು ಅವನಿಗೆ ಬಲ ಕೊಡುವನು ಎನ್ನುವ ಮಾತು ಆ ಕೀರ್ತನೆಯಲ್ಲೇ ಇದೆ. ಅಲ್ಲಿ ಅವರು ನಿಂತರು. ನಾನು ಕಾದೆ. ಸ್ವಲ್ಪ ಹೊತ್ತಿನ ಮೇಲೆ ಮುಂದೆ ಓದಿ "ಆಮೆನ್, ಆಮೆನ್" ಎಂದರು. ಪೆನ್ಸಿಲ್ ಮೊಂಡಾಗಿತ್ತು. ನಾನು ಚೂಪು ಮಾಡಿ ಕೊಟ್ಟೆ. ಅವನ ಕೊನೆಯ ತಾರೀಖಿನ ಪಕ್ಕದಲ್ಲಿ ಅಮ್ಮ ಇವತ್ತಿನದನ್ನು ಬರೆದರು. ಆಮೇಲೆ ನಾಳೆಗೆ ಎಂದು ಪುಟ ತಿರುಗಿಸಿ, ಪೆನ್ಸಿಲನ್ನು 42ರ ಮೇಲೆ ಇಟ್ಟರು.